ವೈಟ್‌ಸ್ಟೋನ್ ಹಿಲ್: ಸಿಕ್ಕಿಬಿದ್ದವರು ಯಾರು?

ಅಮೆರಿಕದ ಅಂತರ್ಯುದ್ಧದ ನಡುವೆಯೇ, 1863ರ ಸೆಪ್ಟೆಂಬರ್ 3ರಂದು, ಜನರಲ್ ಆಲ್ಫ್ರೆಡ್ ಸಲ್ಲಿಯ ಸೇನೆ ಡಕೋಟಾ ಪ್ರಾಂತ್ಯದ ವೈಟ್‌ಸ್ಟೋನ್ ಹಿಲ್‌ನಲ್ಲಿ ಸೂ ಎಂಬ ಮೂಲನಿವಾಸಿ ಜನರ ಮೇಲೆ ಎರಗಿತು. "1862ರಲ್ಲಿ ಮಿನೆಸೋಟದ ವಲಸಿಗರನ್ನು ಕೊಂದವರಿಗೆ ಅಲ್ಲಿ ಶಿಕ್ಷೆಯಾಯಿತು" ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

1862ರಲ್ಲಿ ಮಿನೆಸೋಟದಲ್ಲಿ ದಂಗೆ ಎದ್ದವರು ಸ್ಯಾಂಟೀ ಡಕೋಟಾಗಳು, ಸೂ ಜನರಲ್ಲಿ ಒಂದು ಗುಂಪು. ವೈಟ್‌ಸ್ಟೋನ್ ಹಿಲ್‌ನಲ್ಲಿ ಬೀಡುಬಿಟ್ಟವರಲ್ಲಿ ಜಾಸ್ತಿ ಇದ್ದವರು ಯಾಂಕ್ಟೊನಾಯ್‌ಗಳು, ಸೂ ಜನರ ಇನ್ನೊಂದು ಗುಂಪು. ಆ ದಂಗೆಗೂ ಇವರಿಗೂ ಸಂಬಂಧವಿರಲಿಲ್ಲ. ಸ್ಯಾಂಟೀಗಳೂ ಕೆಲವರಿದ್ದರು, ನಿಜ. ಆದರೆ 'ಸೂ' ಎಂದರೆ ಒಂದೇ ಗುಂಪಲ್ಲ ಅಲ್ವಾ?

ಅದು ಯುದ್ಧದ ಪಾಳೆಯವೂ ಆಗಿರಲಿಲ್ಲ. ಚಳಿಗಾಲಕ್ಕೆಂದು ಕಾಡೆಮ್ಮೆ ಬೇಟೆಯಾಡಿ ಮಾಂಸ ಒಣಗಿಸುತ್ತಿದ್ದರು. ಸೇನೆಯ ಕಡೆ ಸುಮಾರು 20 ಜನ ಸತ್ತರು. ಸೂ ಕಡೆ ಸತ್ತವರು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹೆಂಗಸರು ಮಕ್ಕಳೂ ಸೇರಿ. 156 ಜನ ಸೆರೆಯಾದರು. ಆಮೇಲೆ ಸೈನಿಕರು ಡೇರೆಗಳನ್ನೂ ಮಾಂಸವನ್ನೂ ಸುಟ್ಟರು. ಸಲ್ಲಿಯ ಲೆಕ್ಕದಲ್ಲೇ ಆ ಮಾಂಸ 4ರಿಂದ 5 ಲಕ್ಷ ಪೌಂಡ್. ನನಗೆ ಗುಂಡಿಗಿಂತ ಕ್ರೂರವಾಗಿ ಕಾಣುವುದು ಇದೇ.

ಇನ್ನೊಂದು: ಮಿನೆಸೋಟದ ಮಂಕೇಟೊದಲ್ಲಿ ಆ ದಂಗೆಗಾಗಿ 38 ಡಕೋಟಾಗಳನ್ನು ಗಲ್ಲಿಗೇರಿಸಿದ್ದು ಈ ಕದನದ ನಂತರವಲ್ಲ. ಅದು 1862ರ ಡಿಸೆಂಬರ್ 26ರಂದೇ ಮುಗಿದಿತ್ತು.