ತಟ್ಟೆ ನಡುಗಿಸುವ ವಿದ್ಯೆ

ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಹೊತ್ತು ಚಿಕ್ಕಮಗಳೂರಿನ ಬಸ್ ಹತ್ತಿದಾಗ ಕಂಡಕ್ಟರ್ ಕೇಳಿದ ಮೊದಲ ಮಾತು, ‘ಕೋವಿ ಅಲ್ಲ ತಾನೇ?’ ತಪ್ಪು ಅವರದಲ್ಲ. ತೋಟದ ಸೀಮೆ ನಮ್ಮದು. ಬೇಸಿನ ತಂತಿ ಮೀಟುವ ಉದ್ದವೇ ಸಾಮಾನ್ಯವಾಗಿ 34 ಇಂಚು, ಚೀಲಕ್ಕೆ ಹಾಕಿದರೆ ಯಾರಿಗಾದರೂ ಅನುಮಾನ ಬರಬೇಕು.

ನಾಲ್ಕೇ ತಂತಿ, ಎಷ್ಟು ಕಷ್ಟ ಇದ್ದೀತು ಅಂದುಕೊಂಡಿದ್ದೆ. ಫೋನಿನಲ್ಲಿ ಪಾಠ ಹಾಕಿಕೊಂಡು ಕೂತರೆ ಮೇಷ್ಟ್ರ ಬೆರಳು ಕಾಣುತ್ತದೆ, ನಾದ ಕೇಳುವುದಿಲ್ಲ. ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟಾಣಿ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯಲು ಆಗುವುದೇ ಇಲ್ಲ. ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಅದೇ ತಂತಿಯ ಮೂರನೇ ಮನೆ ಒತ್ತಿ ಮೀಟಿದರೆ ಸಾಕು, ಸ್ಟ್ಯಾಂಡಿನಲ್ಲಿದ್ದವೆಲ್ಲ ಜುಂಯ್ ಅನ್ನುತ್ತವೆ. ‘ಲಾರಿ ಬಂತೇನೋ’ ಅಂತ ಅಮ್ಮ ಬಾಗಿಲಿಗೆ ಹೋಗಿ ನೋಡಿ ಬರುತ್ತಾಳೆ.

ಎಡಗೈ ಸ್ವರ ಹಿಡಿಯುತ್ತದೆ ಅಷ್ಟೆ. ಸಂಗೀತದ ಜಾತಿ ಬದಲಾಗುವುದು ಬಲಗೈಯಲ್ಲಿ. ರಾಕ್‌ಗೆ ಪ್ಲೆಕ್ಟ್ರಮ್ ಅನ್ನುವ ಮೀಟುವ ಬಿಲ್ಲೆ ಹಿಡಿದು ಒಂದೇ ಸ್ವರವನ್ನು ಟಕಟಕ ಕುಟ್ಟುತ್ತಾ ಹೋದರೂ ನಡೆಯುತ್ತದೆ. ಜಾಝ್‌ನಲ್ಲಿ ನಾಲ್ಕು ಪೆಟ್ಟಿಗೆ ನಾಲ್ಕು ಸ್ವರ, ಸಂಜೆ ವಾಕಿಂಗ್ ಹೋದ ಹಾಗೆ. ಅದಕ್ಕೆ ಹೆಸರೂ ವಾಕಿಂಗ್ ಬೇಸ್ ಅಂತಲೇ. ನಾನು ಮೂರನೇ ಹೆಜ್ಜೆಗೆ ಎಡವುತ್ತೇನೆ.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ತಂತಿ ಕಿತ್ತುಹೋಗುವ ತನಕ ಬದಲಾಯಿಸುತ್ತಿರಲಿಲ್ಲವಂತೆ. ಇದು ನನಗೆ ಬಹಳ ಅನುಕೂಲವಾಯಿತು. ಮಲೆನಾಡಿನ ಮಳೆಗಾಲದಲ್ಲಿ ತಂತಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಯಾರಾದರೂ ಕೇಳಿದರೆ ಜೇಮರ್ಸನ್ ಹೆಸರು ಹೇಳಿ ಸುಮ್ನಾಗುತ್ತೇನೆ. ಒಂದೇ ಬೆರಳು ಅನ್ನುವುದೂ ಹೊಂದುತ್ತದೆ, ನನಗೆ ಎರಡನೆಯದು ಇನ್ನೂ ಮಾತು ಕೇಳುತ್ತಿಲ್ಲ.

ತಂತಿಗೆ ಗುದ್ದಿ ನುಡಿಸುವ ಸ್ಲ್ಯಾಪ್ ಶೈಲಿಯ ಕಥೆ ಬೇರೆ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ತಾಯಿಯ ಜತೆ ನುಡಿಸುತ್ತಿದ್ದಾಗ ಡ್ರಮ್ ಬಾರಿಸುವವರು ಇಲ್ಲದೆ ಹೋದರು. ಆತ ಹೆಬ್ಬೆರಳಿನಿಂದ ತಂತಿಗೆ ಗುದ್ದಿ ದೊಡ್ಡ ಡ್ರಮ್ಮನ್ನೂ, ಬೆರಳಿನಿಂದ ಎಳೆದು ಬಿಟ್ಟು ಚಿಕ್ಕ ಡ್ರಮ್ಮನ್ನೂ ತುಂಬಿಸಿಬಿಟ್ಟರು. ಈ ಕಥೆಯನ್ನು ಅಮ್ಮನಿಗೆ ಹೇಳಿದೆ. ‘ಆ ತಾಯಿಗೆ ಬೇರೆ ಗತಿ ಇರಲಿಲ್ಲ, ಪಾಪ’ ಅಂದಳು. ನಾನು ಗುದ್ದಿದಾಗ ಬಂದದ್ದು ಹಂಡೆ ಮುಚ್ಚಳ ಬಿದ್ದ ಸದ್ದು. ಹೆಬ್ಬೆರಳು ಊದಿಕೊಂಡು ಎರಡು ದಿನ ಕಾಫಿ ಲೋಟ ಹಿಡಿಯಲಾಗಲಿಲ್ಲ.

ಕೊನೆಗೆ ಒಲಿದದ್ದು ಜಮೈಕಾದ ಸಂಗೀತ ರೆಗ್ಗೇ. ಒಲಿದದ್ದು ಅನ್ನುವುದು ಸ್ವಲ್ಪ ಜಾಸ್ತಿಯಾಯಿತೇನೋ. ಅಂಗೈ ಅಂಚನ್ನು ತಂತಿ ಕೂರುವ ಬ್ರಿಡ್ಜಿನ ಹತ್ತಿರ ತಂತಿಯ ಮೇಲೆ ಹಗುರಕ್ಕೆ ಊರಿ, ಹೆಬ್ಬೆರಳಿನ ಮೆತ್ತನೆ ಭಾಗದಿಂದ ಮೀಟಬೇಕು. ರೆಗ್ಗೇಯ ಒನ್ ಡ್ರಾಪ್ ಅನ್ನುವ ತಾಳದಲ್ಲಿ ಡ್ರಮ್ಮು ಮೊದಲ ಪೆಟ್ಟನ್ನೇ ಬಿಟ್ಟುಬಿಡುತ್ತದೆ, ಎಷ್ಟೋ ಸಲ ಬೇಸ್ ಕೂಡ. ಚಿಕ್ಕಂದಿನಲ್ಲಿ ಆರು ತಿಂಗಳು ಪಿಟೀಲು ಪಾಠಕ್ಕೆ ಹೋಗಿದ್ದೆ. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದಕ್ಕೆ ಅನಾಗತ ಅನ್ನುತ್ತಾರೆ ಅಂತ ಮೇಷ್ಟ್ರು ಕಲಿಸಿದ್ದರು. ಆಗ ತಲೆಗೆ ಹೋಗಿರಲಿಲ್ಲ. ಜಮೈಕಾದ ಹಾಡು ಕೇಳಿದಾಗ ಹೋಯಿತು. ಬೇಸಿನಲ್ಲಿ ಸ್ವರ ಹಾಕುವುದಕ್ಕಿಂತ ತಡೆಯುವುದೇ ಕಷ್ಟದ ಕೆಲಸ. ಸುಮ್ನೆ ಇರಬೇಕಾದ ಜಾಗ ಬಂದಾಗಲೆಲ್ಲ ನನ್ನ ಬೆರಳು ತುರಿಸುತ್ತದೆ.

ಮೊನ್ನೆ ಸಂಜೆ ಅಪರೂಪಕ್ಕೆ ಕೈ ಕೂಡಿ ಬಂತು. ಹೊರಗೆ ಮಳೆ, ಒಳಗೆ ಅದೇ ನಾಲ್ಕು ಸ್ವರ, ಸುತ್ತಿ ಸುತ್ತಿ ಅರ್ಧ ಗಂಟೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಆಂಪ್ಲಿಫೈಯರ್ ಸತ್ತಿತು. ನಾನು ಕತ್ತಲಲ್ಲೇ ಮೀಟುತ್ತಿದ್ದೆ, ಮಳೆಯ ಸದ್ದಿನಲ್ಲಿ ನನಗೂ ಕೇಳುತ್ತಿರಲಿಲ್ಲ.

ಅಡುಗೆಮನೆಯಿಂದ ಅಮ್ಮ ಕೂಗಿದಳು. ‘ಇಷ್ಟು ಹೊತ್ತು ಏನೋ ಒಂದು ಗುಂಯ್ ಅಂತಿತ್ತಲ್ಲ, ನಿಂತೇ ಹೋಯ್ತು. ಫ್ರಿಜ್ಜಾ?’

‘ಹೂಂ’ ಅಂದೆ.