ಸಿಂಹಗಡದಲ್ಲಿ ಬಿಟ್ಟುಬಂದ ಸೋಲು

ಪುಣೆಯಲ್ಲಿ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಎಷ್ಟು ನಿಮಿಷ?" ಎಂದು ಕೇಳುತ್ತಾರೆ. ಯಾವುದು ಎಷ್ಟು ನಿಮಿಷ ಎಂದು ನೀವು ತಿರುಗಿ ಕೇಳಿದಿರೋ, ಹೊರಗಿನವರು ಎಂದು ಅಲ್ಲಿಗೇ ತೀರ್ಮಾನವಾಯಿತು. ಸಿಂಹಗಡ, ಇನ್ನೇನು? ಆತಕರವಾಡಿಯ ಬುಡದಿಂದ ಮೇಲಿನ ಪುಣೆ ದರವಾಜಾದವರೆಗೆ ಹತ್ತಲು ಎಷ್ಟು ನಿಮಿಷ. ನನ್ನ ಪಕ್ಕದ ಮೇಜಿನವನದು 48. ಅವನ ಹೆಂಡತಿಯದು 45. ಅದನ್ನು ಅವನು ಹೇಳುವುದಿಲ್ಲ, ಸಿಕ್ಕಾಗ ಅವಳೇ ಹೇಳುತ್ತಾಳೆ. ನಮ್ಮ ಕಡೆ ಬೆಟ್ಟ ಹತ್ತುವವರು ಹರಕೆ ಹೊತ್ತವರು. ಇಲ್ಲಿ ಗಡಿಯಾರ ಕಟ್ಟಿದವರು.

ಹನ್ನೊಂದು ವರ್ಷ ನಾನು ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಬದುಕಿದ್ದೆ. ಸಿಂಹಗಡಕ್ಕೆ ಹೋಗಿಯೇ ಇರಲಿಲ್ಲ ಎಂದಲ್ಲ. ನಗರದಿಂದ ಸುಮಾರು 30 ಕಿಲೋಮೀಟರ್, ಮೇಲಿನವರೆಗೂ ರಸ್ತೆ. ಶಿವಮೊಗ್ಗದಿಂದ ನೆಂಟರು ಬಂದಾಗಲೆಲ್ಲ ಕಾರಿನಲ್ಲಿ ಕರೆದುಕೊಂಡು ಹೋಗಿ, ಕಾಂದಾ ಭಜಿ ತಿನ್ನಿಸಿ, ಟಿಳಕರು ತಂಗುತ್ತಿದ್ದ ಬಂಗಲೆ ತೋರಿಸಿ, ಸಂಜೆಯೊಳಗೆ ಮನೆ ಸೇರಿಸಿದ್ದೇನೆ. ಆದರೆ ಕಾರಿನಲ್ಲಿ ಹೋದದ್ದು ಈ ಊರಿನ ಲೆಕ್ಕದಲ್ಲಿ ಹೋದದ್ದೇ ಅಲ್ಲ. ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬಂದ ಹಾಗೆ.

ಕೊನೆಗೂ ನನ್ನನ್ನು ಮುಳುಗಿಸಿದವರು ನನ್ನ ಭಾವ. ಧಾರವಾಡದವರು, ಪುಣೆಯಲ್ಲಿ 28 ವರ್ಷವಾಯಿತು, ಬ್ಯಾಂಕಿನಿಂದ ನಿವೃತ್ತರಾಗಿ ಮೂರು ವರ್ಷ. ನಿವೃತ್ತಿಯ ಮರುವಾರವೇ ಒಂದು ನೋಟ್ ಬುಕ್ಕಿಗೆ ಸ್ಕೇಲು ಹಿಡಿದು ಗೆರೆ ಹಾಕಿ ತಾರೀಖು, ನಿಮಿಷ, ಹವಾಮಾನ, ಷರಾ ಎಂದು ನಾಲ್ಕು ಕಾಲಮ್ ಮಾಡಿದರು. ಅಂದಿನಿಂದ ಪ್ರತಿ ಭಾನುವಾರ ಸಿಂಹಗಡ. ಷರಾ ಕಾಲಮಿನಲ್ಲಿ ಜೊತೆಗೆ ಬಂದವರ ಬಗ್ಗೆ ಒಂದು ಮಾತು ಇರುತ್ತದೆ. ಅದನ್ನು ಯಾರಿಗೂ ತೋರಿಸುವುದಿಲ್ಲ, ಆದರೆ ಬರೆಯುವಾಗ ನಮ್ಮ ಮುಖ ನೋಡಿಕೊಂಡೇ ಬರೆಯುತ್ತಾರೆ. "ಒಂದು ಸಲ ಹೋಗಿ ಬಾರೋ, ಹೊಟ್ಟೆ ನೋಡಿಕೊಂಡಿದ್ದೀಯಾ?" ಎಂದು ಅಕ್ಕನೂ ದನಿಗೂಡಿಸಿದ ಮೇಲೆ ನನಗೆ ದಾರಿ ಉಳಿಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಭಾವನಿಗಿಂತ ಮುಂದಿದ್ದೆ. ನನ್ನ ಬಳಿ ಚಾರಣದ ಬೂಟು ಇತ್ತು. ಆರು ವರ್ಷದ ಹಿಂದೆ ರಾಜಗಡಕ್ಕೆ ಹೋಗುವುದೆಂದು ಕೊಂಡದ್ದು. ರಾಜಗಡ ರದ್ದಾಯಿತು, ಬೂಟು ಡಬ್ಬಿ ಸಮೇತ ಅಟ್ಟ ಸೇರಿತು. ಇಳಿಸಿ ನೋಡಿದರೆ ಮದುವಣಗಿತ್ತಿಯ ಹಾಗೆ ತೆಳು ಕಾಗದದೊಳಗೆ ಮುಖ ಮುಚ್ಚಿಕೊಂಡು ಕುಳಿತಿತ್ತು. ಒಂದು ಗೀರಿಲ್ಲ. ಭಾವ ಮಾತ್ರ ಮಾಸಿದ ಕ್ಯಾನ್ವಾಸ್ ಶೂನಲ್ಲಿ ಬಂದಿದ್ದರು. ಕಾರು ಹತ್ತುವಾಗ ನನ್ನ ಪಾದದತ್ತ ಬಗ್ಗಿ, ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಒಂಬತ್ತನೇ ನಂಬರೇ? ಚೆನ್ನಾಗಿದೆ" ಎಂದರು. ಸಾಲದ ಅರ್ಜಿ ಪರಿಶೀಲಿಸಿದ ದನಿ. ಈ ಪರಿಶೀಲನೆ ಮುಂದೆ ನನಗೇ ತಿರುಗಿ ಬೀಳುತ್ತದೆಂದು ಆಗ ಹೊಳೆಯಲಿಲ್ಲ.

ಬೆಳಗಿನ ಜಾವ ಖಡಕವಾಸಲಾ ಜಲಾಶಯದ ಪಕ್ಕದಲ್ಲಿ ಸಾಗುವಾಗ ನೀರು ಯಾವುದು ಮಂಜು ಯಾವುದು ತಿಳಿಯುತ್ತಿರಲಿಲ್ಲ. ಮಳೆಗಾಲದ ಸಹ್ಯಾದ್ರಿ ಎಂದರೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಯಾರೋ ಹಸಿರು ಜಮಖಾನ ಕೊಡವಿ ಹಾಗೆಯೇ ಬಿಟ್ಟುಹೋದಂತೆ. ಇದನ್ನೆಲ್ಲ ನೋಡುತ್ತ ನಿಲ್ಲಬಹುದಿತ್ತು. ಆದರೆ ಆತಕರವಾಡಿಯಲ್ಲಿ ಕಾರು ನಿಲ್ಲಿಸಿದೊಡನೆ ಭಾವ ಗಡಿಯಾರದ ಗುಂಡಿ ಒತ್ತಿಬಿಟ್ಟಿದ್ದರು.

ಹತ್ತುವಾಗ ಅವರು ಹಿಂತಿರುಗಿ ನೋಡುವುದಿಲ್ಲ. ತಿರುವಿಗೊಮ್ಮೆ ಆಕಾಶವಾಣಿಯಂತೆ ಸಮಯ ಮಾತ್ರ ಕೇಳಿಬರುತ್ತದೆ. "ಹತ್ತು ನಿಮಿಷ." ಸ್ವಲ್ಪ ದೂರ ಹೋದ ಮೇಲೆ, "ಹದಿನಾರು." ಇಪ್ಪತ್ತೆರಡರ ಹೊತ್ತಿಗೆ ನನ್ನನ್ನು ದಾಟಿ ಹೋದವರ ಲೆಕ್ಕ ನಾನು ಬಿಟ್ಟಿದ್ದೆ. ಅವರಲ್ಲಿ ತಲೆಯ ಮೇಲೆ ಮೊಸರಿನ ಕುಡಿಕೆಗಳ ಬುಟ್ಟಿ ಹೊತ್ತ ಒಬ್ಬ ಅಜ್ಜಿಯೂ ಇದ್ದಳು. ಕಚ್ಚೆ ಸೀರೆ, ಸವೆದ ರಬ್ಬರ್ ಚಪ್ಪಲಿ. ಬುಡದ ಹಳ್ಳಿಗಳಿಂದ ಹೀಗೆ ಸಾಮಾನು ಹೊತ್ತು ಹತ್ತಿ ಗಡದ ಮೇಲೆ ಮಾರುವವರು ಎಷ್ಟೋ ಜನ. ಅವಳ ನಿಮಿಷವನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಆಗ ಹಿಂದಿನಿಂದ ಪಟಕ್, ಪಟಕ್ ಎಂದು ಸದ್ದು ಶುರುವಾಯಿತು. ಯಾರೋ ಅವಸರದಲ್ಲಿ ಬರುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ಸರಿದು ನಿಂತೆ. ಯಾರೂ ಬರಲಿಲ್ಲ. ನಡೆದರೆ ಮತ್ತೆ ಪಟಕ್. ನಿಂತರೆ ಅದೂ ನಿಲ್ಲುತ್ತದೆ. ಒಂದು ಕೆಸರಿನ ಗುಂಡಿ ದಾಟಿದ ಮೇಲೆ ಸದ್ದು ಪೂರ್ತಿ ಹೋಯಿತು, ನಾನೂ ನಿರಾಳನಾದೆ. ಬಲಗಾಲು ಇದ್ದಕ್ಕಿದ್ದಂತೆ ಒಂದಿಂಚು ಗಿಡ್ಡವಾದದ್ದೇಕೆ, ದಾರಿಯ ಕಲ್ಲುಗಳೆಲ್ಲ ನನಗೆ ಇಷ್ಟು ಆಪ್ತವಾದದ್ದೇಕೆ ಎಂದು ಯೋಚಿಸುತ್ತಿರುವಾಗ ಹಿಂದಿನಿಂದ ಕರೆ ಬಂತು.

"ಕಾಕಾ, ಹಾ ಸೋಲ್ ತುಮ್ಚಾ ಕಾ?"

ಹತ್ತು ಹನ್ನೊಂದು ವರ್ಷದ ಹುಡುಗ. ನನ್ನ ಬೂಟಿನ ಅಟ್ಟೆಯನ್ನು, ಒಂಬತ್ತನೇ ನಂಬರಿನದನ್ನು, ಕೆಸರು ಒರೆಸಿ ಎರಡೂ ಅಂಗೈಗಳ ಮೇಲಿಟ್ಟುಕೊಂಡು ನಿಂತಿದ್ದ. ಪಾದುಕೆ ಹೊತ್ತ ಭರತನ ಮುಖದಲ್ಲಿ ಕೂಡ ಅಷ್ಟು ಭಕ್ತಿ ಇದ್ದಿರಲಾರದು. ಅವನ ಹಿಂದೆ ಕಾಲೇಜಿನ ಒಂದು ದೊಡ್ಡ ದಂಡು, ಎಲ್ಲರ ಕಣ್ಣೂ ನನ್ನ ಮೇಲೆ.

ನಾನು, "ನಾಹೀ" ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ಹೌದು ಎಂದಿದ್ದರೆ ಎರಡು ಕ್ಷಣದ ನಗೆಯಲ್ಲಿ ಮುಗಿಯುತ್ತಿತ್ತು. ಹುಡುಗ ಪ್ರಾಮಾಣಿಕ, ನನ್ನನ್ನು ನಂಬಿ ಮುಂದೆ ಹೋದ. ಮುಂದಿನವರನ್ನು ಕೇಳಿದ. ಅವರು ಕಾಲೆತ್ತಿ ನೋಡಿಕೊಂಡು ಇಲ್ಲವೆಂದರು. ಅವರ ಮುಂದಿನವರೂ ಕಾಲೆತ್ತಿದರು. ಬಸ್ಸಿನಲ್ಲಿ ಯಾರದೋ ಪರ್ಸ್ ಬಿದ್ದಿದೆ ಎಂದರೆ ಎಲ್ಲರೂ ಜೇಬು ಮುಟ್ಟಿಕೊಳ್ಳುವುದಿಲ್ಲವೇ, ಹಾಗೆ ಆ ದಾರಿಯುದ್ದಕ್ಕೂ ಜನ ಒಬ್ಬರಾದ ಮೇಲೊಬ್ಬರು ನಿಂತು, ಪಕ್ಕದವರ ಹೆಗಲು ಹಿಡಿದು, ಕೊಕ್ಕರೆಯಂತೆ ಒಂದೊಂದೇ ಕಾಲು ಎತ್ತಿ ಪರೀಕ್ಷಿಸಿಕೊಳ್ಳತೊಡಗಿದರು. 45 ನಿಮಿಷದವರು, 50 ನಿಮಿಷದವರು, ಎಲ್ಲರ ಲೆಕ್ಕವೂ ಅಲ್ಲಿಗೆ ಕೆಟ್ಟಿತು. ಅನುಮಾನ ಬಾರದಿರಲೆಂದು ನಾನೂ ಎತ್ತಿದೆ. ಎಡಗಾಲು.

ಹುಡುಗ ಹೀಗೆ ವಿಚಾರಣೆ ಮಾಡುತ್ತ ಮಾಡುತ್ತ ಮೇಲಿನ ಲಿಂಬೂ ಸರಬತ್ತಿನ ಅಂಗಡಿ ತಲುಪಿದ. ಅಲ್ಲಿ ಭಾವ ನಿಂತಿದ್ದರು. ಹೆಬ್ಬೆರಳಿನಿಂದ ಒತ್ತಿ ನೋಡಿದ ಅಟ್ಟೆಯನ್ನು ನಿವೃತ್ತ ಬ್ಯಾಂಕ್ ಅಧಿಕಾರಿ ಮರೆಯುತ್ತಾನೆಯೇ? ಒಂದೇ ನೋಟಕ್ಕೆ ಗುರುತು ಹಿಡಿದರು. ಅದನ್ನು ಕೈಯಲ್ಲಿ ಎತ್ತಿ ಹಿಡಿದು, ಇಡೀ ಕಣಿವೆಗೆ ಕೇಳುವಂತೆ ಅಚ್ಚಗನ್ನಡದಲ್ಲಿ ಕೂಗಿದರು: "ತಮ್ಮಾ, ಇದು ನಿನ್ನದೇ ಸೋಲು! ಸೋಲು ಒಪ್ಪಿಕೊಳ್ಳುವುದಕ್ಕೆ ಏನು ನಾಚಿಕೆ?"

ಮರಾಠಿಗರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಕೆಳಗಿನ ತಿರುವಿನಲ್ಲಿ ಒಂದು ಕುಟುಂಬ, ಮೇಲಿನ ಬಂಡೆಯ ಮೇಲೆ ಇಬ್ಬರು ತರುಣರು, ಸರಬತ್ತಿನ ಸಾಲಿನಲ್ಲಿ ಒಬ್ಬ ಗಡ್ಡದವರು ಬಿದ್ದು ಬಿದ್ದು ನಕ್ಕರು. ಪುಣೆಯಲ್ಲಿ ಕನ್ನಡಿಗರು ಎಲ್ಲಿದ್ದಾರೆ, ರಾಜ್ಯೋತ್ಸವಕ್ಕೆ ಕರೆದರೂ ಯಾರೂ ಬರುವುದಿಲ್ಲ ಎಂದು ಕೊರಗುವವರು ಗಮನಿಸಬೇಕು. ಮಾನ ಕಳೆದುಕೊಳ್ಳುವ ಜಾಗದಲ್ಲೆಲ್ಲ ಇದ್ದಾರೆ.

ನನ್ನ ಮನಸ್ಸು ಅಲ್ಲಿಂದಲೇ ಇಳಿದುಹೋಗುವುದರಲ್ಲಿತ್ತು. 1670ರ ಫೆಬ್ರುವರಿಯ ಒಂದು ರಾತ್ರಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಇದೇ ಕೋಟೆಯನ್ನು, ಆಗಿನ ಕೊಂಡಾಣಾವನ್ನು, ಕಡಿದಾದ ಬದಿಯಿಂದ ಹತ್ತಿದನಲ್ಲ. ಅವನು ಬಿದ್ದ ಮೇಲೆ ಓಡಲು ನೋಡಿದ ಸೈನಿಕರಿಗೆ ತಮ್ಮ ಸೂರ್ಯಾಜಿ "ಹಗ್ಗ ಕತ್ತರಿಸಿಬಿಟ್ಟಿದ್ದೇನೆ" ಎಂದು ಹೇಳಿ ತಡೆದನಂತೆ. ನನ್ನ ಸೂರ್ಯಾಜಿ ಹಗ್ಗದ ಗೊಡವೆಗೆ ಹೋಗಲಿಲ್ಲ. ಕಾರಿನ ಕೀಲಿಕೈ ಅವರ ಪ್ಯಾಂಟಿನ ಜೇಬಿನಲ್ಲಿತ್ತು.

ಹೇಗೋ ಹತ್ತಿದೆ. ಒಂದರ ಹಿಂದೊಂದು ಮೂರು ಬಾಗಿಲುಗಳ ಪುಣೆ ದರವಾಜಾ ದಾಟುವಾಗ ಎಡಗಾಲಿನ ಬೂಟೂ ಪಟಕ್ ಎನ್ನಲು ಶುರು ಮಾಡಿತ್ತು. "ಒಂದು ಗಂಟೆ ಐವತ್ತೆರಡು ನಿಮಿಷ" ಎಂದು ಆಕಾಶವಾಣಿಯಾಯಿತು. ಗಡ ಬಂತು, ಸಿಂಹ ಹೋಯಿತು ಎಂದು ಶಿವಾಜಿ ಮಹಾರಾಜರು ಮರುಗಿದ್ದು ಈ ಕೋಟೆಗಾಗಿ. ಭಾವ ಮರುಗಿದ್ದು ತಮ್ಮ ಸರಾಸರಿಗಾಗಿ.

ಪಿಠಲಾ ಭಾಕರಿಗೆ ಕುಳಿತದ್ದು ಅದೇ ಮೊಸರಿನ ಅಜ್ಜಿಯ ಚಪ್ಪರದಲ್ಲಿ. ಹೊಗೆಯಾಡುವ ಒಲೆ, ಬಿಸಿ ಭಾಕರಿ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿಯ ಠೇಚಾ. "ಏನಿದೆ ಇದರಲ್ಲಿ, ನಮ್ಮ ಝುಣಕ ರೊಟ್ಟಿಯೇ" ಎನ್ನುತ್ತ ಭಾವ ಮೂರನೆಯದನ್ನು ಹಾಕಿಸಿಕೊಂಡರು. ಬೆಂಚು ಒಂದು ಕಡೆ ಕುಂಟುತ್ತಿತ್ತು; ಅವರು ಬಗ್ಗಿದಾಗಲೆಲ್ಲ ನಾನು ಮೇಲೇಳುತ್ತಿದ್ದೆ. ಅಜ್ಜಿ ನನ್ನ ಕಾಲು ನೋಡಿದಳು, ಪಕ್ಕದಲ್ಲಿಟ್ಟಿದ್ದ ಅಟ್ಟೆ ನೋಡಿದಳು. ಮಾತಿಲ್ಲದೆ ಒಂದು ತುಂಡು ಸುತಲಿ ತಂದು ಎಡಗಾಲಿನ ಬೂಟನ್ನು ಹೋಳಿಗೆ ಪೊಟ್ಟಣದಂತೆ ಬಿಗಿದು ಕಟ್ಟಿದಳು. ಬಲಗಾಲಿನದು ಕೈಮೀರಿತ್ತು. ಅದರ ಅಟ್ಟೆಯನ್ನು ಕೇಳಿ ಇಸಿದುಕೊಂಡು, ಮಡಚಿ, ಬೆಂಚಿನ ಗಿಡ್ಡ ಕಾಲಿನಡಿಗೆ ತುರುಕಿದಳು. ಕುಂಟು ನಿಂತಿತು. ಇಳಿಯುವಾಗ ನಾನು ಹಂಚಿಕೊಂಡು ಹೋಗುವ ಜೀಪಿನಲ್ಲಿ ಹನ್ನೆರಡನೆಯವನಾಗಿ ಕುಳಿತೆ. ಆ ಪ್ರಯಾಣದ ಬಗ್ಗೆ ಬರೆಯುವುದಕ್ಕೆ ಬೇರೆಯೇ ಸೊಂಟ ಬೇಕು.

ಮಂಗಳವಾರ ಸಂಜೆ ಬೂಟನ್ನು ಬೀದಿ ತುದಿಯ ಚಮ್ಮಾರನ ಹತ್ತಿರ ಒಯ್ದೆ. ನಾನು ಫೋನಿನಲ್ಲಿ ಅಕ್ಕನ ಜೊತೆ ಆಡಿದ ಕನ್ನಡ ಕೇಳಿ ಅವನೂ ಕನ್ನಡಕ್ಕೆ ತಿರುಗಿದ, ವಿಜಯಪುರದ ಕಡೆಯವನು. ಅಂಚನ್ನು ಉಗುರಿನಿಂದ ಕೆರೆದ, ಒಣಗಿದ ಬ್ರೆಡ್ಡಿನಂತೆ ಪುಡಿಪುಡಿಯಾಗಿ ಉದುರಿತು. "ಇದು ಹರಿದದ್ದಲ್ಲ ಸರ್, ಇಟ್ಟು ಇಟ್ಟು ಸತ್ತದ್ದು. ಹಾಕಿಕೊಂಡು ತಿರುಗಿದ್ದರೆ ಇನ್ನಷ್ಟು ದಿನ ಬಾಳುತ್ತಿತ್ತು" ಎಂದ. ಆಮೇಲೆ ಓದಿ ನೋಡಿದರೆ ಅವನ ಮಾತೇ ಸರಿ. ಇಂಥ ಅಟ್ಟೆಗಳಲ್ಲಿ ಬಳಸುವ ಪಾಲಿಯುರೆಥೇನ್ ಗಾಳಿಯ ತೇವ ಹೀರಿಕೊಂಡು ಒಳಗೊಳಗೇ ಒಡೆಯುತ್ತದೆ, ಒಂದು ಹೆಜ್ಜೆ ಇಡದಿದ್ದರೂ. ಪುಣೆಯ ಆರು ಮಳೆಗಾಲಗಳನ್ನು ನನ್ನ ಬೂಟು ಅಟ್ಟದ ಮೇಲೆ ಕತ್ತಲಲ್ಲಿ ಕುಡಿದಿತ್ತು.

ಅಪ್ಪನ ಬಳಿ ಇದ್ದದ್ದು ಒಂದೇ ಜೊತೆ ಚಪ್ಪಲಿ. ವರ್ಷಕ್ಕೊಮ್ಮೆ ಸಂತೆಯಲ್ಲಿ ಅಟ್ಟೆ ಹಾಕಿಸುತ್ತಿದ್ದರು. ಅದು ಮುಗಿಯುವವರೆಗೆ ಬರಿಗಾಲಿನಲ್ಲಿ ಒಂದು ಗೋಣಿಚೀಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಚಮ್ಮಾರನ ಜೊತೆ ಮಳೆ ಬೆಳೆ ಮಾತಾಡುತ್ತಿದ್ದರು. ಶಾಲೆಯ ಗೆಳೆಯರು ನೋಡಿಯಾರೆಂದು ನಾನು ಬಳೆಯಂಗಡಿಯ ಮರೆಯಲ್ಲಿ ನಿಲ್ಲುತ್ತಿದ್ದೆ. "ಇವರು ನಿನ್ನ ಅಪ್ಪನೇನೋ?" ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಇವತ್ತು ಮತ್ತೆ ಭಾನುವಾರ. ಬೆಳಿಗ್ಗೆ ಏಳೂವರೆಗೆ, ನಾನಿನ್ನೂ ಹೊದಿಕೆಯೊಳಗಿರುವಾಗ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಭಾವನಿಂದ ಒಂದು ಚಿತ್ರ ಬಂತು. ಸಗಣಿ ಸಾರಿಸಿದ ನೆಲ, ಬೆಂಚಿನ ಒಂದು ಕಾಲು, ಅದರ ಅಡಿಯಲ್ಲಿ ಮಡಚಿದ ಕಪ್ಪು ಅಟ್ಟೆ. ಕೆಳಗೆ ಎರಡು ಸಾಲು: "ಇಂದು 61 ನಿಮಿಷ, ತುಂತುರು ಮಳೆ. ನಿನ್ನ ಸೋಲು ಇಲ್ಲಿ ಕ್ಷೇಮ." ಮೊದಲ ಹೆಬ್ಬೆಟ್ಟು ಒತ್ತಿದವಳು ಅಕ್ಕ. ಎರಡನೆಯವಳು, ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದಾಳೆಂದು ನಾನು ತಿಳಿದಿದ್ದ ನನ್ನ ಹೆಂಡತಿ.