ಜಾತ್ರೆಗೂ ಹದಿನಾಲ್ಕು ದಿನದ ನೋಟಿಸು

ಕೇಂದ್ರ ಸರ್ಕಾರವು 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಕಟ್ಟಿ 2025ರ ನವೆಂಬರ್ 21ರಂದು ಜಾರಿಗೆ ತಂದ ಮೇಲೆ ಪರ-ವಿರೋಧದ ಭಾಷಣಗಳನ್ನೆಲ್ಲ ತಾವು ಕೇಳಿಯೇ ಇದ್ದೀರಿ. ನಾನು ಅವನ್ನು ಮತ್ತೆ ಒಪ್ಪಿಸಲು ಹೋಗುವುದಿಲ್ಲ. ನನ್ನ ಮನಸೂರೆಗೊಂಡದ್ದು ಕೈಗಾರಿಕಾ ಸಂಬಂಧಗಳ ಸಂಹಿತೆಯು ‘ಮುಷ್ಕರ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದ ಬಾಲದಲ್ಲಿ ಸದ್ದಿಲ್ಲದೆ ಕುಳಿತಿರುವ ಒಂದು ಮಾತು. ಶೇ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಗ್ಗೂಡಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಿ.ಎಲ್. ಎಂದರೆ ಹಲ್ಲುನೋವಿಗೋ ತಹಸೀಲ್ದಾರರ ಕಚೇರಿಯ ಸರತಿಗೋ ಸಾಲಾಗಿ ಸಿಕ್ಕುವ ಒಂದು ದಿನ ಎಂದು ಇಷ್ಟು ಕಾಲ ನಂಬಿಕೊಂಡಿದ್ದ ನಮ್ಮ ಅಜ್ಞಾನಕ್ಕೆ ಏನು ಹೇಳೋಣ! ಅದು ಕ್ರಾಂತಿಯ ಮೊದಲ ಕಿಡಿಯೆಂಬುದನ್ನು ಕಂಡುಹಿಡಿಯಲು ಸಂಸತ್ತೇ ಬೇಕಾಯಿತು.

ನನಗೆ ಪರಿಚಯದ ಒಬ್ಬ ಸಜ್ಜನರು ಆರು ಮಂದಿ ಕೆಲಸಗಾರರ ಲೇತ್ ಶೆಡ್ಡೊಂದನ್ನು ನಡೆಸುತ್ತಾರೆ. ಆರರಲ್ಲಿ ಮೂವರು ಒಂದೇ ಊರಿನವರು. ಈ ಮೂವರೂ ಊರ ಜಾತ್ರೆಗೆಂದು ಒಂದೇ ದಿನಕ್ಕೆ ರಜೆಚೀಟಿ ಬರೆದು, ಲೇತಿನ ಎಣ್ಣೆ ಹತ್ತಿದ ಬೆರಳಚ್ಚಿನ ಸಮೇತ ಮೇಜಿನ ಮೇಲಿಟ್ಟು ಹೋಗಿದ್ದರು. ಮಾಲೀಕರು ಆ ಮೂರು ಚೀಟಿಗಳನ್ನು ಇಸ್ಪೀಟೆಲೆಯಂತೆ ಹರಡಿಕೊಂಡು, “ಆರಕ್ಕೆ ಮೂರು ಅಂದರೆ ಸರಿಯಾಗಿ ಐವತ್ತು ಪರ್ಸೆಂಟು ಸಾರ್, ಇದು ಮುಷ್ಕರವಾಗುತ್ತದೆಯೇ?” ಎಂದು ಕೇಳಿದರು. ಒಗ್ಗೂಡಿ ಹೋಗಿದ್ದಾರೆಯೇ ಎಂಬುದೇ ಮುಖ್ಯವಾದ್ದರಿಂದ, ಮೂವರೂ ಒಂದೇ ಬಸ್ಸು ಹತ್ತುತ್ತಾರೆಯೇ ಎಂದು ವಿಚಾರಿಸುವಂತೆ ನಾನು ಸಲಹೆ ಕೊಟ್ಟೆ.

ಮುಷ್ಕರವೆಂದೇ ಇಟ್ಟುಕೊಂಡರೂ ಗಾಬರಿಯಾಗಬೇಕಿಲ್ಲ, ಕಾನೂನು ಮುಷ್ಕರದ ಹಕ್ಕನ್ನು ಕಿತ್ತುಕೊಂಡಿಲ್ಲ. 14 ದಿನ ಮೊದಲು ನೋಟಿಸು ಕೊಟ್ಟರಾಯಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇಂಥ ನೋಟಿಸಿನ ಕಟ್ಟು ರೈಲು, ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು, ಈಗ ಅದು ಎಲ್ಲರ ಪಾಲಿಗೂ ದಕ್ಕಿದೆ. ಜಾತ್ರೆಗಾದರೆ ಪಂಚಾಂಗ ನೋಡಿ ನೋಟಿಸು ಕೊಡಬಹುದು, ಊರಿಗೆ ಊರೇ ಮಲಗುವ ಚಿಕೂನ್‌ಗುನ್ಯಾ ಜ್ವರಕ್ಕೆ ಯಾವ ಪಂಚಾಂಗ ನೋಡುವುದೋ ತಿಳಿಯದು. ಇನ್ನೂ ಸೊಗಸಾದ ಸಂಗತಿಯೆಂದರೆ, ನೋಟಿಸು ಕೊಟ್ಟೊಡನೆ ಸಂಧಾನಾಧಿಕಾರಿಗಳು ಸಂಧಾನಕ್ಕೆ ಕರೆಯಬೇಕು; ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದು ಏಳು ದಿನದವರೆಗೆ ಮುಷ್ಕರ ಹೂಡುವಂತಿಲ್ಲ. ಊಟಕ್ಕೆ ಬನ್ನಿರೆಂದು ಕರೆದು, ಕೈ ತೊಳೆಯಲು ಹೋದವನ ಎಲೆ ಎತ್ತಿಡುವ ಈ ಆತಿಥ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ಸೌಜನ್ಯದ ಇನ್ನೊಂದು ಫಲವಾಗಿ ಲೇಬರ್ ಇನ್ಸ್‌ಪೆಕ್ಟರರಿಗೆ ಬಡ್ತಿ ಸಿಕ್ಕಿದೆ. ಅವರು ಇನ್ನು ಮುಂದೆ ‘ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್’, ಅಂದರೆ ತಪಾಸಣೆಯ ಜೊತೆಗೆ ನೆರವನ್ನೂ ನೀಡುವವರು. ಆ ‘ಕಮ್’ ಎಂಬ ಪದದಲ್ಲಿ ಎಂಥ ತತ್ತ್ವವಿದೆ ನೋಡಿ. ಹಾಜರಿ ಪುಸ್ತಕ ಕೇಳುವಾಗ ಅವರು ಇನ್ಸ್‌ಪೆಕ್ಟರು, ಅದು ಸಿಕ್ಕದಿದ್ದಾಗ ಫೆಸಿಲಿಟೇಟರು. ಹೆಣ್ಣು ನೋಡಲು ಬಂದ ಬೀಗರಂತೆ ಉಪ್ಪಿಟ್ಟು ತಿಂದು, ‘ಮುಂದಿನ ಸಲ ಪುಸ್ತಕ ಇಟ್ಟಿರಿ’ ಎಂದು ಹರಸಿ ಹೋಗಬಹುದು. ಇದೇ ತತ್ತ್ವವನ್ನು ಪೊಲೀಸ್ ಇಲಾಖೆಗೂ ವಿಸ್ತರಿಸಿ ಕಳ್ಳರಿಗೆ ಒಬ್ಬ ಸಬ್ ಇನ್ಸ್‌ಪೆಕ್ಟರ್-ಕಮ್-ಹಿತೈಷಿಯನ್ನು ಒದಗಿಸಬೇಕೆಂಬುದು ನನ್ನ ನಮ್ರ ಬೇಡಿಕೆ. ಸಣ್ಣ ಮಾಲೀಕರ ಪಾಡು ಹಗುರವೆಂದು ನಾನೇನೂ ಹೇಳುತ್ತಿಲ್ಲ. ನಮ್ಮ ಶೆಡ್ಡಿನ ಸಜ್ಜನರು ಹೊಸ ನಿಯಮವಿದೆಯೆಂದು ಕೇಳಿ ಆರು ಜನಕ್ಕೂ ನೇಮಕಾತಿ ಪತ್ರ ಕೊಡಬೇಕೆಂದು ಓಡಾಡಿ, ಕೊನೆಗೆ ಕನ್ಸಲ್ಟೆಂಟರಿಗೆ ಫೀಸು ತೆತ್ತು ಇಂಗ್ಲಿಷಿನಲ್ಲಿ ಎಂಟೆಂಟು ಪುಟದ ಪತ್ರ ತಂದಿದ್ದಾರೆ. ಅದನ್ನು ಕೊಟ್ಟವರೂ ಓದಿಲ್ಲ, ಪಡೆದವರೂ ಓದಿಲ್ಲ.

ಲೆಕ್ಕದ ಕಡೆ ಬಂದರೆ, 299 ಎಂಬ ಸಂಖ್ಯೆಗೆ ಇಲ್ಲಿಯವರೆಗೆ ಚಪ್ಪಲಿ ಅಂಗಡಿಯಲ್ಲಷ್ಟೇ ಮರ್ಯಾದೆಯಿತ್ತು. ಕೆಲಸಗಾರರನ್ನು ಕೈಬಿಡಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಕಾರ್ಖಾನೆಗಳಲ್ಲಿ ಮೊದಲು ನೂರು ಜನರಿದ್ದಲ್ಲಿಂದ ಶುರುವಾಗುತ್ತಿತ್ತು, ಈಗ ಮುನ್ನೂರರಿಂದ. ಮುನ್ನೂರನೆಯವನನ್ನು ಯಾರೂ ನೇಮಿಸುವುದಿಲ್ಲ. ಅವನು ಗುತ್ತಿಗೆಯವನಾಗಿ ಬೇರೆ ಬಣ್ಣದ ಐ.ಡಿ. ಕಾರ್ಡು ನೇತುಹಾಕಿಕೊಂಡು ಅದೇ ಗೇಟಿನಿಂದ ಒಳಗೆ ಬರುತ್ತಾನೆ. ಹನ್ನೊಂದು ವರ್ಷ ಒಂದೇ ಮೆಷಿನ್ನಿನ ಮುಂದೆ ನಿಂತು, ಅಷ್ಟರಲ್ಲಿ ನಾಲ್ವರು ಗುತ್ತಿಗೆದಾರರ ಹೆಸರಿನಲ್ಲಿ ದುಡಿದು, ಒಂದು ಬೆಳಿಗ್ಗೆ ಕಾರ್ಡು ತೋರಿಸಿದಾಗ ಗೇಟು ತೆರೆಯದೆ ವಾಪಸಾದವರೊಬ್ಬರನ್ನು ನಾನು ಬಲ್ಲೆ. ಅವರಿಗೆ ಕೆಲಸ ಹೋದದ್ದನ್ನು ಹೇಳಲು ಒಬ್ಬ ಮನುಷ್ಯನೂ ಹೊರಗೆ ಬರಲಿಲ್ಲ. ನೋಟಿಸಿನ ನೀತಿ ಬೋಧಿಸುವವರು ಇಂಥ ಗೇಟಿನ ಮುಂದೆ ಒಂದು ದಿನವಾದರೂ ನಿಂತಿದ್ದಾರೆಯೇ? ಕೊಡಬೇಕಾದ ವೇತನಕ್ಕಿಂತ ಕಡಿಮೆ ಕೊಟ್ಟ ಮಾಲೀಕನಿಗೆ ಮೊದಲ ಸಲಕ್ಕೆ ಗರಿಷ್ಠ 50,000 ರೂಪಾಯಿ ದಂಡ, ರಾಜಿ ಮಾಡಿಕೊಂಡರೆ ಆಷಾಢದ ಸೇಲಿನಂತೆ ಅದರಲ್ಲಿ ಅರ್ಧ. ಆ ಮೊದಲ ಸಲಕ್ಕೆ ಜೈಲಿನ ಮಾತೇ ಇಲ್ಲ. ಅಕ್ರಮ ಮುಷ್ಕರಕ್ಕಿಳಿದ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿ ದಂಡ, ಅಥವಾ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೊದಲ ಸಲ ಸಂಬಳ ನುಂಗುವುದು ಪೂರ್ತಿ ಹಣದ ವ್ಯವಹಾರವಂತೆ, ಕೆಲಸ ನಿಲ್ಲಿಸುವುದು ಮಾತ್ರ ಮೊದಲ ಸಲಕ್ಕೇ ಜೈಲಿಗೆ ಯೋಗ್ಯವಾದ ಪಾಪವಂತೆ. ಇದಕ್ಕೆ ವಿಡಂಬನೆ ಬರೆಯಲು ನನಗೆ ಕೈ ಬರುತ್ತಿಲ್ಲ.

ಇರಲಿ, ಜಾತ್ರೆಗೆ ಮರಳೋಣ. ಆ ಮೂವರೂ ಕೊನೆಗೆ ಒಂದೇ ಬಸ್ಸಿನಲ್ಲಿ, ಅದೂ ಒಂದೇ ಸೀಟಿನಲ್ಲಿ ಕುಳಿತು ಹೋದರು. ಉಳಿದ ಮೂವರಿಂದ ಕೆಲಸ ಸಾಗದೆಂದು ಅರಿತ ಮಾಲೀಕರು ಅವರನ್ನೂ ಮನೆಗೆ ಕಳಿಸಿ, ಶಟರ್ ಎಳೆದು, ತಾವೂ ತೇರು ನೋಡಲು ಹೊರಟರು. ರಾತ್ರಿ ಹತ್ತಕ್ಕೆ ಅವರಿಂದ ಫೋನು ಬಂತು. ಹಿಂದೆ ನಗಾರಿ ಮೊಳಗುತ್ತಿತ್ತು. “ಸಾರ್, ನಾನು ಬಾಗಿಲು ಹಾಕಿದ್ದು ಲಾಕ್‌ಔಟ್ ಆಯಿತಲ್ಲವೇ? ಅದಕ್ಕೂ 14 ದಿನದ ನೋಟಿಸು ಬೇಕಿತ್ತಂತೆ, ದಂಡ 50,000ದಿಂದಲೇ ಶುರುವಂತೆ. ಪಕ್ಕದಲ್ಲೇ ಕನ್ಸಲ್ಟೆಂಟರು ಬೆಂಡು-ಬತ್ತಾಸು ತಿನ್ನುತ್ತಾ ಹೇಳುತ್ತಿದ್ದಾರೆ.”